ನೂರು ಮೀಟರಿನ ಗೆರೆ

ಊಟವಾದ ಮೇಲೆ ಅತಿಥಿಯ ಮುಂದೆ ತಾಂಬೂಲದ ತಟ್ಟೆಯನ್ನಿಡುವುದು ಮಲೆನಾಡಿನ ಹಳೆಯ ಸಂಪ್ರದಾಯ. ಎಲೆ, ಅಡಿಕೆ, ಸುಣ್ಣಗಳ ಮಗ್ಗುಲಲ್ಲಿ ಅನೇಕ ಮನೆಗಳಲ್ಲಿ ಹೊಗೆಸೊಪ್ಪಿಗೂ ಸ್ಥಾನವಿದ್ದಿತು. ಆ ತಟ್ಟೆಯೇ ಬೀದಿಗಿಳಿದು ಬೀಡಾ ಅಂಗಡಿಯಾಯಿತೆನ್ನಬಹುದು. ಶಿವಮೊಗ್ಗದ ಗೋಪಿ ವೃತ್ತದ ಸುತ್ತಮುತ್ತಲಿರಲಿ, 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆಯಿಂದ ಹೆಸರಾದ ಭದ್ರಾವತಿಯಲ್ಲಿರಲಿ, ಇಂತಹ ಗೂಡಂಗಡಿಗಳು ಜನಜೀವನದ ಒಂದು ಅಂಗ. ಅಲ್ಲಿ ಪೆಪ್ಪರಮಿಂಟಿನ ಭರಣಿಯೂ ಸಿಗರೇಟಿನ ಪೊಟ್ಟಣವೂ ನೆರೆಹೊರೆಯಲ್ಲಿಯೇ ಕುಳಿತಿರುತ್ತವೆ. ಮಿಠಾಯಿಗೆ ಚಾಚಿದ ಎಳೆಯ ಕೈಗೆ ಮುಂದೊಂದು ದಿನ ಪಕ್ಕದ ಪೊಟ್ಟಣವೂ ಎಟುಕುತ್ತದೆ.

ಈ ನೆರೆಹೊರೆಯನ್ನು ತಪ್ಪಿಸುವುದೇ ಕಾನೂನಿನ ಉದ್ದೇಶ. ಹದಿನೆಂಟು ತುಂಬದವರಿಗೂ, ವಿದ್ಯಾಸಂಸ್ಥೆಗಳ ನೂರು ಗಜದೊಳಗೂ ತಂಬಾಕು ಮಾರಕೂಡದೆಂದು ಕೇಂದ್ರದ 2003ರ ಶಾಸನ ವಿಧಿಸಿತು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ವಯಸ್ಸನ್ನು ಇಪ್ಪತ್ತೊಂದಕ್ಕೂ, ದೂರವನ್ನು ನೂರು ಮೀಟರಿಗೂ ಏರಿಸಿತು. ಬಿಡಿ ಸಿಗರೇಟಿನ ಮಾರಾಟವನ್ನೂ ನಿಷೇಧಿಸಿತು. ಇದು ಸಣ್ಣ ಮಾತಲ್ಲ. ಇಡೀ ಪೊಟ್ಟಣ ಕೊಳ್ಳಲು ವಿದ್ಯಾರ್ಥಿಯ ಜೇಬಿನಲ್ಲಿ ಹಣವಿರದು. ಒಂದೇ ಸಿಗರೇಟಿಗೆ ಬಸ್ಸಿನ ಚಿಲ್ಲರೆಯೇ ಸಾಕು. ಬಿಡಿಯಾಗಿ ಕೊಂಡವನಿಗೆ ಪೊಟ್ಟಣದ ಮೇಲಿನ ಎಚ್ಚರಿಕೆಯ ಚಿತ್ರವೂ ಕಣ್ಣಿಗೆ ಬೀಳದು.

ಗೂಡಂಗಡಿಯವನ ಸಂಕಟವನ್ನೂ ಅಲ್ಲಗಳೆಯುವಂತಿಲ್ಲ. ನೂರು ಮೀಟರಿನ ವೃತ್ತವೆಂದರೆ ಏಳೂವರೆ ಎಕರೆಗೂ ಮಿಕ್ಕ ನೆಲ. ಹಳೆಯ ಪೇಟೆಯಲ್ಲಿ ಒಂದು ಶಾಲೆಯ ವೃತ್ತ ಮುಗಿಯುವ ಮೊದಲೇ ಇನ್ನೊಂದರದು ತೊಡಗಬಹುದು. ದಿನದ ಬೀಡಿ ಸಿಗರೇಟಿನ ಲಾಭದಿಂದಲೇ ಒಲೆ ಹೊತ್ತಿಸುವವನಿಗೆ ಬಾಳೆಹಣ್ಣು, ಮಜ್ಜಿಗೆ, ನೋಟುಪುಸ್ತಕಗಳ ವ್ಯಾಪಾರಕ್ಕೆ ದಾರಿ ತೋರದೆ ದಂಡವನ್ನಷ್ಟೇ ವಿಧಿಸಿದರೆ, ಪೊಟ್ಟಣವು ಗಲ್ಲಾದ ಮೇಲಿನಿಂದ ಕೆಳಗಿಳಿದೀತೇ ಹೊರತು ಅಂಗಡಿಯನ್ನು ಬಿಟ್ಟು ಹೋಗದು.

ಆದರೂ ನಿರಾಶರಾಗಬೇಕಾಗಿಲ್ಲ. ರಾಷ್ಟ್ರೀಯ ಸಮೀಕ್ಷೆಗಳ ಪ್ರಕಾರ, 2009-10ರಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇಕಡ 28.2 ಮಂದಿ ತಂಬಾಕು ಸೇವಿಸುತ್ತಿದ್ದರು. 2016-17ರ ವೇಳೆಗೆ ಆ ಸಂಖ್ಯೆ 22.8ಕ್ಕಿಳಿಯಿತು. ಚಟವು ಬಿಡಿಸಲಾರದ ಗಂಟೇನೂ ಅಲ್ಲ.

ಸರಕಾರದ ಗೆರೆ ಶಾಲೆಯ ಸುತ್ತ ಮಾತ್ರ ಸುಳಿಯಬಲ್ಲದು. ಸಂಜೆ ಜಗಲಿಯಲ್ಲಿ ಕುಳಿತ ತಂದೆ, ಪಾಟಿಚೀಲವನ್ನು ಈಗಷ್ಟೇ ಕೆಳಗಿಳಿಸಿದ ಮಗನನ್ನು ಕರೆದು, "ಓಡಿಹೋಗಿ ಒಂದು ಕಟ್ಟು ಬೀಡಿ ತಗೊಂಡು ಬಾರೋ" ಎನ್ನುತ್ತಾನೆ. ಆ ಹುಡುಗನ ಕೈಗೆ ಬೀಡಿ ಕೊಟ್ಟ ಅಂಗಡಿಯವನು ಕಾನೂನಿನ ಕಣ್ಣಿನಲ್ಲಿ ಅಪರಾಧಿ. ಕಳುಹಿಸಿದ ತಂದೆಗೆ ಏನೆನ್ನಬೇಕೆಂಬುದನ್ನು ಆಯಾ ಮನೆಯವರೇ ನಿರ್ಧರಿಸಬೇಕು.