ಬಯಲುಸೀಮೆಯ ಹಾಯಿದೋಣಿಗೊಂದು ಕೂವೆಮರ

ಕೊರಟಗೆರೆಯ ಕಡೆ ಹಾಯಿದೋಣಿಯ ಮಾತೆತ್ತಿದರೆ ಕೇಳಿದವರು ನಗುವುದು ಸಹಜ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ, ವರ್ಷದ ಬಹುಭಾಗ ಮರಳಿನ ಹಾದಿಯಾಗಿಯೇ ಮಲಗಿರುವ ನದಿ. ಆದರೂ 2022ರ ಮಳೆಗಾಲದಲ್ಲಿ ಅದೇ ನದಿ ಉಕ್ಕಿ ಹರಿದುದನ್ನು ಈ ಸೀಮೆಯ ಜನ ಕಣ್ಣಾರೆ ಕಂಡಿದ್ದಾರೆ. ಗೊರವನಹಳ್ಳಿಗೆ ಸಮೀಪದ ತೀತಾ ಜಲಾಶಯ ತುಂಬಿ ನಿಂತಾಗ, ಆ ನೀರಿನ ಮೇಲೆ ಬೀಸುವ ಗಾಳಿಗೆ ಒಂದು ಪುಟ್ಟ ಹಾಯಿಯನ್ನು ಏಕೆ ಬಿಚ್ಚಬಾರದೆಂದು ಯಾರಾದರೂ ತರುಣರು ಕೇಳಿದರೆ ಅದನ್ನು ಹುಚ್ಚೆನ್ನಲಾಗದು. ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ಕಣದ ರೈತನಿಗೆ ಹೇಳಿದ ಮಾತು ದೋಣಿಯವನಿಗೂ ಸಲ್ಲುತ್ತದೆ.

ಒಳನಾಡಿನ ನಮ್ಮ ಜಲವಾಹನಗಳು ಹರಿಗೋಲು ಮತ್ತು ತೆಪ್ಪ. ಅವಕ್ಕೆ ಹುಟ್ಟು ಹಾಕುವುದೇ ರೂಢಿ; ಹಾಯಿಯ ವಿದ್ಯೆ ಕರಾವಳಿಯವರದು. ಆದರೆ ಹಾಯಿಗೆ ಕಡಲೇ ಬೇಕೆಂಬ ನಿಯಮವೇನೂ ಇಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೈನ್ಯದ ಮದರಾಸು ಎಂಜಿನಿಯರ್ ದಳದವರು ಹಾಯಿದೋಣಿಯ ಅಭ್ಯಾಸ ನಡೆಸಿದ್ದಾರೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿಯೂ ಹಾಯಿಗಳು ಬಿಚ್ಚಿಕೊಂಡಿವೆ. ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ 1947ರಲ್ಲಿ ಮಕ್ಕಳಿಗಾಗಿ ರೂಪಿಸಿದ ‘ಆಪ್ಟಿಮಿಸ್ಟ್’ ದೋಣಿಯ ಉದ್ದ ಕೇವಲ 2.3 ಮೀಟರ್. ಪ್ಲೈವುಡ್ ಹಲಗೆಯಿಂದ ಮನೆಯಲ್ಲಿಯೇ ಕಟ್ಟಬಹುದಾದ ದೋಣಿಯದು.

ಒಡಲನ್ನು ಊರಿನ ಬಡಗಿ ಕಟ್ಟಿಕೊಟ್ಟಾನು. ಹಾಯಿಯನ್ನು ದರ್ಜಿ ಹೊಲಿದುಕೊಟ್ಟಾನು. ತೊಡಕು ಬರುವುದು ಕೂವೆಮರಕ್ಕೆ. ಹಾಯಿಯನ್ನು ಎತ್ತಿ ಹಿಡಿಯುವ ಆ ಕಂಬವೂ ಅದರೊಡನೆ ಇರುವ ಗಳೆಗಳೂ ಹಗುರವಾಗಿರಬೇಕು, ಬಾಗಿದರೂ ಮುರಿಯಬಾರದು, ಬೆಲೆಯೂ ಕೈಗೆಟುಕಬೇಕು. ಬಿದಿರು ಇವೆಲ್ಲಕ್ಕೂ ಒಪ್ಪುವ ವಸ್ತುವೇ ಸರಿ. ಆದರೆ ನೇರವಾದ ಗಳ ದೊರೆಯುವುದು ಅಪರೂಪ. ಬಿಸಿಲಿಗೆ ಸೀಳುತ್ತದೆ, ಹುಳುವೂ ಹಿಡಿಯುತ್ತದೆ. ಆದುದರಿಂದ ಲೋಹದ ಕೊಳವೆಯ ಕಡೆಗೆ ಮನಸ್ಸು ಹೋಗುವುದು ಸ್ವಾಭಾವಿಕ.

ಈ ಸೀಮೆಯಲ್ಲಿ ಕೊಳವೆಗೇನೂ ಬರವಿಲ್ಲ. ಬತ್ತಿದ ಕೊಳವೆಬಾವಿಗಳಿಂದ ಮೇಲೆತ್ತಿದ, ಸತುವು ಲೇಪಿಸಿದ ಕಬ್ಬಿಣದ ಜಿ.ಐ. ಕೊಳವೆಗಳು ಹೊಲದ ಬದಿಗಳಲ್ಲಿಯೂ ಗುಜರಿ ಅಂಗಡಿಗಳಲ್ಲಿಯೂ ಕಾಣಸಿಗುತ್ತವೆ. ಅಗ್ಗವಾಗಿದೆಯೆಂದು ಅದನ್ನೇ ನೆಟ್ಟರಾಗದೆ ಎಂದು ಯಾರಾದರೂ ಕೇಳಬಹುದು. ಲೆಕ್ಕವೇ ಉತ್ತರ ಹೇಳಲಿ. ಒಂದೂವರೆ ಇಂಚಿನದೆಂದು ಮಾರುವ ಮಧ್ಯಮ ದರ್ಜೆಯ ಜಿ.ಐ. ಕೊಳವೆಯ ಹೊರವ್ಯಾಸ ಸುಮಾರು 48 ಮಿಲಿಮೀಟರ್, ತೂಕ ಮೀಟರಿಗೆ ಮೂರೂವರೆ ಕಿಲೋಗ್ರಾಮಿಗೂ ತುಸು ಹೆಚ್ಚು. ಐದು ಮೀಟರಿನ ಕಂಬ ಸುಮಾರು 18 ಕಿಲೋ ತೂಗುತ್ತದೆ. ಅಷ್ಟು ಭಾರ ತಲೆಯ ಮೇಲಿರುವ ಪುಟ್ಟ ದೋಣಿ ಒಂದು ಸಲ ವಾಲಿದರೆ ಮತ್ತೆ ಏಳುವುದು ಕಷ್ಟ.

ಅಲ್ಯೂಮಿನಿಯಂ ಕಬ್ಬಿಣದ ಮೂರನೆಯ ಒಂದು ಪಾಲಿನಷ್ಟು ಮಾತ್ರ ಸಾಂದ್ರವಾದುದು. ಆದರೆ ಅದರ ಬಿಗಿಯೂ ಅಷ್ಟೇ ಕಡಿಮೆ. ಹಾಗಾದರೆ ಲಾಭವೇನು? ಕೊಳವೆಯ ಗುಣವೇ ಆ ಲಾಭವನ್ನು ಕೊಡುತ್ತದೆ. ಗೋಡೆಯ ದಪ್ಪವನ್ನು ಹಾಗೆಯೇ ಇರಿಸಿ ವ್ಯಾಸವನ್ನು ಎರಡರಷ್ಟು ಮಾಡಿದರೆ ತೂಕ ಸುಮಾರು ಎರಡರಷ್ಟಾಗುತ್ತದೆ, ಬಿಗಿಯಾದರೋ ಸುಮಾರು ಎಂಟರಷ್ಟಾಗುತ್ತದೆ. ಆದ್ದರಿಂದ 75 ಮಿಲಿಮೀಟರ್ ವ್ಯಾಸದ, 2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಕೊಳವೆ ಮೇಲೆ ಹೇಳಿದ ಕಬ್ಬಿಣದ ಕೊಳವೆಯಷ್ಟೇ ಹೆಚ್ಚುಕಡಿಮೆ ಬಿಗಿಯಾಗಿದ್ದು, ಐದು ಮೀಟರಿಗೆ ಆರು ಕಿಲೋವಿನ ಸುಮಾರಿನಲ್ಲಿ ತೂಗುತ್ತದೆ. ಪುಟ್ಟ ಹಾಯಿಗೆ 50 ಮಿಲಿಮೀಟರ್ ವ್ಯಾಸದ್ದೇ ಸಾಕಾಗಬಹುದು. ಅದರ ತೂಕ ಅಷ್ಟೇ ಉದ್ದಕ್ಕೆ ನಾಲ್ಕು ಕಿಲೋ.

ಇದನ್ನು ಎಲ್ಲಿ ತರುವುದು? ಕೊರಟಗೆರೆಯವರು ಬೆಂಗಳೂರಿಗೆ ಹೋಗುವಾಗ ಹಾಯುವ ತುಮಕೂರು ರಸ್ತೆಯಲ್ಲಿಯೇ, 1968ರಲ್ಲಿ ಸ್ಥಾಪಿತವಾದ ಜಿಂದಾಲ್ ಅಲ್ಯೂಮಿನಿಯಂ ಸಂಸ್ಥೆಯಿದೆ. ಕಾಯಿಸಿದ ಲೋಹವನ್ನು ಅಚ್ಚಿನ ಕಂಡಿಯಿಂದ ಶ್ಯಾವಿಗೆಯಂತೆ ಒತ್ತಿ ತೆಗೆಯುವುದು ಅಲ್ಲಿನ ಕೆಲಸ. ಒಂದೆರಡು ಕೊಳವೆ ಬೇಕಾದವನು ಹೋಗಬೇಕಾದುದು ಕಾರ್ಖಾನೆಯ ಬಾಗಿಲಿಗಲ್ಲ. ಕಿಟಕಿ ಬಾಗಿಲುಗಳ ಚೌಕಟ್ಟು ಮಾಡುವವರ ಅಂಗಡಿಗೆ, ಇಲ್ಲವೆ ಲೋಹದ ವ್ಯಾಪಾರಿಗಳಲ್ಲಿಗೆ. ಅಲ್ಲಿ ಮಾರಾಟ ತೂಕದ ಮೇಲೆ. ಕಿಟಕಿಗಳಿಗೆ ಬಳಸುವುದು ಸಾಮಾನ್ಯವಾಗಿ 6063 ಎಂಬ ಅಂಕಿಯ ಮಿಶ್ರಲೋಹ. 6061 ಅಥವಾ 6082 ದೊರೆತರೆ ಅವು ಇನ್ನೂ ಬಲವಾದವು. ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ತುಂತುರು ನೀರಾವರಿಗೆ ಬಳಸಿ ಬಿಟ್ಟ ಅಲ್ಯೂಮಿನಿಯಂ ಕೊಳವೆಗಳೂ ಹಳೆಯ ಸಾಮಾನಿನಲ್ಲಿ ಸಿಗುವುದುಂಟು. ಅವುಗಳ ಗೋಡೆ ತೆಳುವಾಗಿರಬಹುದಾದ್ದರಿಂದ ಅಳೆದು ಕೊಳ್ಳಬೇಕು.

ಹಳೆಯದನ್ನು ಕೊಳ್ಳುವಾಗ ಪರೀಕ್ಷೆ ಸುಲಭ. ಸಮತಟ್ಟಾದ ನೆಲದ ಮೇಲೆ ಉರುಳಿಸಿದರೆ ಸೊಟ್ಟು ತಿಳಿಯುತ್ತದೆ. ನಗ್ಗಿದ್ದರೆ ಬೇಡವೇ ಬೇಡ. ಮುರಿಯುವುದು ಅಲ್ಲಿಂದಲೇ ಮೊದಲಾಗುತ್ತದೆ. ಮೂರು ಮೀಟರ್ ಅಂತರದ ಎರಡು ಇಟ್ಟಿಗೆಗಳ ಮೇಲೆ 50 ಮಿಲಿಮೀಟರಿನ ಕೊಳವೆಯನ್ನಿಟ್ಟು ನಡುವೆ 20 ಕಿಲೋ ತೂಗುಬಿಟ್ಟರೆ, 2 ಮಿಲಿಮೀಟರ್ ದಪ್ಪದ್ದು ಸುಮಾರು 18 ಮಿಲಿಮೀಟರ್ ಬಾಗಬೇಕು. ಭಾರ ತೆಗೆದೊಡನೆ ಪೂರ್ತಿ ನೇರವಾಗಬೇಕು. ಬಹಳ ಹೆಚ್ಚು ಬಾಗಿದರೆ ಗೋಡೆ ತೆಳುವೆಂದೇ ಅರ್ಥ.

ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಉದ್ದ 12 ಅಡಿ. ಉದ್ದ ಸಾಲದೆಂದು ಬೆಸುಗೆ ಹಾಕಿಸುವುದು ಸರಿಯಲ್ಲ. ಶಾಖದಿಂದ ಹದಗೊಂಡ ಲೋಹ ಮತ್ತೊಮ್ಮೆ ಕಾದರೆ ಅಲ್ಲಿ ಮೆತ್ತಗಾಗುತ್ತದೆ. ಒಳಗೆ ಬಿಗಿಯಾಗಿ ಕೂರುವ ಇನ್ನೊಂದು ಕೊಳವೆಯ ತುಂಡನ್ನು ಎರಡೂ ಕಡೆಗೆ ಒಂದೊಂದು ಗೇಣು ಹೋಗುವಂತೆ ಸೇರಿಸುವುದು ಲೇಸು. ಅದಕ್ಕಿಂತಲೂ ಜಾಣತನದ ದಾರಿಯನ್ನು ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯೇ ತೋರಿಸುತ್ತದೆ. 1963ರಲ್ಲಿ ಬ್ರಿಟನ್ನಿನಲ್ಲಿ ಮನೆಮಂದಿಯೇ ಕಟ್ಟಿಕೊಳ್ಳಲೆಂದು ಬಂದ ‘ಮಿರರ್’ ದೋಣಿಯಲ್ಲಿ ಕೂವೆಮರ ಗಿಡ್ಡ. ಅದರ ಮೇಲೆ ಇನ್ನೊಂದು ಗಳೆಯನ್ನು ನೆಟ್ಟಗೆ ಏರಿಸಿ ಎತ್ತರವನ್ನು ಸಾಧಿಸಿದರು. ನಮ್ಮ ಕರಾವಳಿಯವರೂ ಗಿಡ್ಡ ಕಂಬಕ್ಕೆ ಉದ್ದದ ಓರೆಗಳೆ ಕಟ್ಟಿದವರೇ. ಹೀಗಾದರೆ 12 ಅಡಿಯ ಎರಡು ಕೊಳವೆಗಳು ಸಾಕು, ಬೆಸುಗೆಯ ಗೊಡವೆಯಿಲ್ಲ. ಎರಡೂ ತುದಿಗಳನ್ನು ನೀರು ಹೋಗದಂತೆ ಮರದ ಬಿರಡೆಯಿಂದ ಮುಚ್ಚಿದರೆ, ದೋಣಿ ಮಗುಚಿದಾಗ ಕಂಬ ತೇಲಿ ಅದು ಪೂರ್ತಿ ತಲೆಕೆಳಗಾಗುವುದನ್ನು ತಡೆಯುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳದೆ ಬಿಡಲಾಗದು. ಅಲ್ಯೂಮಿನಿಯಂ ವಿದ್ಯುತ್ತಿಗೆ ಒಳ್ಳೆಯ ದಾರಿ. ತಲೆಯ ಮೇಲಿನ ವಿದ್ಯುತ್ ತಂತಿಗಳೂ ಅದರವೇ. ಪಂಪುಸೆಟ್ಟುಗಳಿಗಾಗಿ ಎಳೆದ ತಂತಿಗಳು ಕೆರೆಯ ಏರಿಯನ್ನೂ ಅಂಗಳವನ್ನೂ ದಾಟುವ ಕಡೆಗಳಲ್ಲಿ, ಬೇಸಗೆಯಲ್ಲಿ ಎತ್ತರವಾಗಿ ಕಂಡ ತಂತಿ ನೀರು ಏರಿದಾಗ ಹತ್ತಿರವಾಗುತ್ತದೆ. ಕೂವೆಮರವನ್ನು ದಡದಲ್ಲಿ ಎತ್ತುವಾಗಲೂ ಕಣ್ಣು ಮೇಲಿರಲಿ. ಗುಡುಗು ಕೇಳಿದರೆ ದಡ ಸೇರಬೇಕು. ಈಜು ಬಂದರೂ ತೇಲುಕವಚವಿಲ್ಲದೆ ದೋಣಿಯೇರಬಾರದು. ಜಲಾಶಯದ ಅಧಿಕಾರಿಗಳ ಒಪ್ಪಿಗೆಯನ್ನೂ ಮೊದಲೇ ಪಡೆದಿರಬೇಕು.

ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡಗಳ ನೆಲದಲ್ಲಿ ಲೋಹದ ಕೊಳವೆಯೆಂದರೆ ಇದುವರೆಗೆ ನೀರನ್ನು ಅರಸುತ್ತ ಪಾತಾಳಕ್ಕೆ ಇಳಿಯುವ ವಸ್ತು. ಒಂದೇ ಒಂದು ಕೊಳವೆ ಆಕಾಶದ ಕಡೆಗೆ ನಿಂತು ಗಾಳಿಯನ್ನು ಹಿಡಿಯಬೇಕಾದರೂ ಅದರ ಬುಡದಲ್ಲಿ ನೀರು ನಿಂತಿರಬೇಕು. ಕೆರೆಯ ಹೂಳು ತೆಗೆದಿರಬೇಕು, ಕಾಲುವೆಗಳು ತೆರೆದಿರಬೇಕು. ಹಾಯಿದೋಣಿಯ ಆಸೆ ಹುಟ್ಟಿದ ತರುಣರು ಕೆರೆಯನ್ನು ಕಾಯುವವರೂ ಆದರೆ, ಆ ನಾಲ್ಕು ಕಿಲೋ ಅಲ್ಯೂಮಿನಿಯಂಗೆ ಕೊಟ್ಟ ಹಣ ದುಬಾರಿಯಾಗದು.