ವಿದ್ಯುತ್ ವಾದ್ಯದಲ್ಲಿ ಬಾಖ್

ಪಿಯಾನೋದ ಒಂದು ಸ್ವರವನ್ನು ಟೇಪಿನಲ್ಲಿ ಮುದ್ರಿಸಿಕೊಂಡು, ಆ ಟೇಪನ್ನು ಹಿಂದುಮುಂದಾಗಿ ಓಡಿಸಿದರೆ ಕೇಳುವುದು ಪಿಯಾನೋ ಅಲ್ಲ. ಯಾರೋ ಹಾರ್ಮೋನಿಯಂ ನುಡಿಸಿದಂತೆ ತೋರುತ್ತದೆ. ನಾದದಲ್ಲಿ ಅಡಗಿರುವ ಕಂಪನಗಳು ಅವೇ. ಬದಲಾದದ್ದು ಒಂದೇ ಸಂಗತಿ: ಥಟ್ಟನೆ ಹುಟ್ಟಿ ಮೆಲ್ಲನೆ ಅಡಗುತ್ತಿದ್ದ ನಾದವು ಈಗ ಮೆಲ್ಲನೆ ಹುಟ್ಟಿ ಥಟ್ಟನೆ ಅಡಗುತ್ತದೆ. ನಾದಕ್ಕೆ ಶ್ರುತಿ, ತೀವ್ರತೆ, ಗುಣ ಎಂಬ ಮೂರು ಲಕ್ಷಣಗಳಿವೆಯೆಂದು ಹೇಳಿ ನಾವು ಅಧ್ಯಾಪಕರು ಪಾಠ ಮುಗಿಸುವುದುಂಟು. ಕಿವಿಗೆ ಅಷ್ಟು ಸಾಲದು. ನಾದ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಹೇಗೆ ಅಡಗಿತು ಎಂಬುದೂ ಅದಕ್ಕೆ ತಿಳಿಯಬೇಕು. 1968ರಲ್ಲಿ ಅಮೆರಿಕದಲ್ಲಿ ಹೊರಬಂದ 'ಸ್ವಿಚ್ಡ್-ಆನ್ ಬಾಖ್' ಎಂಬ ಧ್ವನಿಮುದ್ರಿಕೆಯ ಯಶಸ್ಸಿನ ಗುಟ್ಟು ಬಹುಮಟ್ಟಿಗೆ ಇಲ್ಲಿದೆ.

ಅದು ವೆಂಡಿ ಕಾರ್ಲೋಸ್ ಅವರ ಮೊದಲ ಮುದ್ರಿಕೆ. ಅವರು ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರವನ್ನೂ ಸಂಗೀತವನ್ನೂ ಓದಿ, ಅನಂತರ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಸಂಗೀತರಚನೆಯನ್ನು ಅಭ್ಯಾಸ ಮಾಡಿದವರು. ವಿದ್ಯುತ್ ಸಂಗೀತ ಆಗ ಹೊಸದೇನೂ ಅಲ್ಲ. ಪ್ರಯೋಗಶಾಲೆಗಳಲ್ಲಿ ಟೇಪಿನ ತುಣುಕುಗಳನ್ನು ಕತ್ತರಿಸಿ ಅಂಟಿಸಿ ಅದನ್ನು ರಚಿಸುತ್ತಿದ್ದರು. ಆದರೆ ರಾಗವೂ ಲಯವೂ ಕೈಗೆ ಸಿಕ್ಕದ ಆ ರಚನೆಗಳು ಸಾಮಾನ್ಯ ಶ್ರೋತೃವಿಗೆ ಬರಿಯ ಸದ್ದಾಗಿ ತೋರುತ್ತಿದ್ದವು. ವಿದ್ಯುತ್ತಿನಿಂದ ಹುಟ್ಟಿದ ನಾದ ಸಂಗೀತವಾಗಬಲ್ಲುದೆ ಎಂಬುದೇ ಅಂದಿನ ಪ್ರಶ್ನೆ.

ಕಾರ್ಲೋಸ್ ಬಳಸಿದ ವಾದ್ಯವನ್ನು ನಿರ್ಮಿಸಿದವರು ರಾಬರ್ಟ್ ಮೋಗ್. ಇವರೂ ಭೌತಶಾಸ್ತ್ರದ ಪದವೀಧರರೇ. 1964ರಲ್ಲಿ ಅವರು ಸಿದ್ಧಪಡಿಸಿದ ಸಿಂಥಸೈಸರಿನ ಮೂಲತತ್ತ್ವ ಸರಳವಾದುದು: ವಾದ್ಯದ ಪ್ರತಿಯೊಂದು ಗುಣವನ್ನೂ ವೋಲ್ಟೇಜಿನ ಅಂಕೆಯಲ್ಲಿಡುವುದು. ಆಂದೋಲಕಕ್ಕೆ ಕೊಡುವ ವೋಲ್ಟೇಜು ಒಂದು ವೋಲ್ಟು ಏರಿದರೆ ಕಂಪನಸಂಖ್ಯೆ ಇಮ್ಮಡಿಯಾಗಿ ಸ್ವರವು ಒಂದು ಸ್ಥಾಯಿ ಮೇಲೇರುತ್ತದೆ. ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನಗಳಿರುವುದರಿಂದ ಒಂದೊಂದಕ್ಕೆ ಸುಮಾರು 83 ಮಿಲಿವೋಲ್ಟು. ಅಲ್ಲಿಂದ ಹೊರಟ ಅಲೆ ಒಂದು ಶೋಧಕವನ್ನು ಹಾಯುತ್ತದೆ. ಅದು ಬೇಡದ ಉಪಸ್ವರಗಳನ್ನು ತಡೆದು ನಾದದ ಬಣ್ಣವನ್ನು ನಿರ್ಧರಿಸುತ್ತದೆ. ಕೊನೆಯ ಘಟ್ಟದಲ್ಲಿ ಮತ್ತೊಂದು ಮಂಡಲ ನಾದದ ಏರಿಳಿತವನ್ನು ರೂಪಿಸುತ್ತದೆ. ನಾವು ಆರಂಭದಲ್ಲಿ ನೋಡಿದ ಹುಟ್ಟು ಸಾವುಗಳ ಲೆಕ್ಕ ಇದರ ವಶ. ಇದನ್ನು ಹೊಂದಿಸಿಯೇ ಒಂದು ಸ್ವರ ಮೀಟಿದಂತೆಯೂ ಇನ್ನೊಂದು ಊದಿದಂತೆಯೂ ಕೇಳುವ ಹಾಗೆ ಮಾಡಬಹುದು. ಕೀಲಿಯನ್ನು ಬೆರಳು ಎಷ್ಟು ಬೇಗ, ಎಷ್ಟು ಆಳಕ್ಕೆ ಒತ್ತಿತೆಂಬುದನ್ನು ಅರಿಯುವ ಕೀಲಿಮಣೆಯೊಂದನ್ನೂ ಮೋಗ್ ಕಾರ್ಲೋಸರಿಗೆ ಮಾಡಿಕೊಟ್ಟರು.

ಇಷ್ಟಾದರೂ ಆ ವಾದ್ಯ ನುಡಿಯುತ್ತಿದ್ದುದು ಒಮ್ಮೆಗೆ ಒಂದೇ ಸ್ವರವನ್ನು! ಮೂರು ಸ್ವರಗಳು ಒಟ್ಟಿಗೆ ಬೇಕಾದರೆ ಮೂರು ಸಲ ನುಡಿಸಿ, ಎಂಟು ಪಥಗಳ ಟೇಪಿನಲ್ಲಿ ಒಂದರ ಪಕ್ಕಕ್ಕೊಂದನ್ನು ಮುದ್ರಿಸಿ ಜೋಡಿಸಬೇಕು. ಅದರ ಮೇಲೆ ಶ್ರುತಿಯ ಕಾಟ ಬೇರೆ. ಟ್ರಾನ್ಸಿಸ್ಟರಿನಲ್ಲಿ ವೋಲ್ಟೇಜು ಸುಮಾರು 18 ಮಿಲಿವೋಲ್ಟು ಏರಿದರೆ ಪ್ರವಾಹ ಇಮ್ಮಡಿಯಾಗುತ್ತದೆ. ಒಂದು ವೋಲ್ಟಿಗೆ ಒಂದು ಸ್ಥಾಯಿ ಎಂಬ ನಿಯಮ ನಿಂತಿರುವುದು ಈ ಗುಣದ ಮೇಲೆ. ಆದರೆ ಆ 18 ಮಿಲಿವೋಲ್ಟು ನಿರಪೇಕ್ಷ ತಾಪಕ್ಕೆ ಅನುಪಾತದಲ್ಲಿದೆ. ಒಂದು ಡಿಗ್ರಿಗೆ ಸುಮಾರು ಮುನ್ನೂರರಲ್ಲಿ ಒಂದು ಪಾಲು ವ್ಯತ್ಯಾಸ. ಸಣ್ಣ ಸಂಖ್ಯೆಯೆನ್ನಬೇಡಿ. ತಾಪವನ್ನು ಸರಿದೂಗಿಸುವ ಏರ್ಪಾಡಿಲ್ಲದಿದ್ದರೆ, ಐದು ಡಿಗ್ರಿ ಬದಲಾದಾಗ ಮೂರು ಸ್ಥಾಯಿಗಳ ಅಂತರದಲ್ಲಿ ಅರ್ಧ ಸ್ವರಸ್ಥಾನಕ್ಕೂ ಮೀರಿ ಅಪಶ್ರುತಿ ಬರುತ್ತದೆ. ಕಾರ್ಲೋಸ್ ಸ್ವಲ್ಪ ನುಡಿಸುವುದು, ನಿಲ್ಲಿಸಿ ಶ್ರುತಿ ನೋಡುವುದು, ಮತ್ತೆ ನುಡಿಸುವುದು, ಹೀಗೆ ತಿಂಗಳುಗಟ್ಟಲೆ ದುಡಿದರು. ರೇಚಲ್ ಎಲ್ಕಿಂಡ್, ಬೆಂಜಮಿನ್ ಫೋಕ್‌ಮನ್ ಅವರಿಗೆ ನೆರವಾದರು.

ಬಾಖ್‌ನನ್ನೇ ಆರಿಸಿಕೊಂಡದ್ದು ಜಾಣತನ. ಹದಿನೆಂಟನೆಯ ಶತಮಾನದ ಆ ಜರ್ಮನ್ ವಾಗ್ಗೇಯಕಾರನ ಕೃತಿಗಳಲ್ಲಿ ಸ್ವತಂತ್ರವಾದ ಹಲವು ಸ್ವರಪಂಕ್ತಿಗಳು ಹೆಣೆದುಕೊಂಡು ಸಾಗುತ್ತವೆ. ಒಂದೊಂದು ಪಂಕ್ತಿಯನ್ನೂ ಬೇರೆಯಾಗಿ ನುಡಿಸುವುದು ಅವಕ್ಕೆ ಕೊರತೆಯಲ್ಲ. ಒಂದೊಂದಕ್ಕೆ ಒಂದೊಂದು ಬಣ್ಣ ಕೊಟ್ಟರೆ ಹೆಣಿಗೆ ಇನ್ನಷ್ಟು ಸ್ಪಷ್ಟವಾಗಿ ಕೇಳುತ್ತದೆ.

ಮುದ್ರಿಕೆ ಅಪಾರ ಜನಪ್ರಿಯತೆ ಗಳಿಸಿತು. 1970ರಲ್ಲಿ ಮೂರು ಗ್ರ್ಯಾಮಿ ಪ್ರಶಸ್ತಿಗಳು ಬಂದವು. 2005ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಚಿರಕಾಲ ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. 'ಸ್ವಿಚ್ಡ್-ಆನ್' ಎಂಬ ಹೆಸರು ಹೊತ್ತ ಅನುಕರಣೆಗಳೂ ಸಾಲುಸಾಲಾಗಿ ಬಂದವು. ಅವುಗಳಲ್ಲಿ ಹೆಚ್ಚಿನವನ್ನು ಜನ ಮರೆತದ್ದು ನ್ಯಾಯವೇ ಆಗಿದೆ. ನಿಜವಾದ ಫಲ ಬೇರೆ ಕಡೆ ಕಾಣಿಸಿತು. ಇದನ್ನು ಕೇಳಿ ಮೋಗ್ ವಾದ್ಯಕ್ಕೆ ಮನಸೋತ ಜಪಾನಿನ ಇಸಾವೊ ತೋಮಿತಾ 1974ರಲ್ಲಿ ಡೆಬ್ಯುಸಿಯ ಕೃತಿಗಳನ್ನು ಅದರಲ್ಲಿ ನುಡಿಸಿದರು. ಇಟಲಿಯ ಜಾರ್ಜೊ ಮೊರೊಡರ್ ಕೂಡ ಇದರಿಂದಲೇ ಆ ವಾದ್ಯದತ್ತ ತಿರುಗಿದವರು; 1977ರಲ್ಲಿ ಡಾನಾ ಸಮ್ಮರ್ ಅವರ ಒಂದು ಹಾಡಿಗೆ ಬಹುಪಾಲು ಅದರಿಂದಲೇ ಹಿಮ್ಮೇಳ ಕಟ್ಟಿ, ನೃತ್ಯಸಂಗೀತದ ದಿಕ್ಕನ್ನೇ ಬದಲಾಯಿಸಿದರು.

ಆದರೆ ಈ ವಿಜಯಕ್ಕೆ ತೆತ್ತ ಬೆಲೆಯೊಂದುಂಟು. ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಡಾನ್ ಬುಕ್ಲಾ ಎಂಬವರು ಪಿಯಾನೋದ ಕೀಲಿಮಣೆಯನ್ನು ಬೇಕೆಂದೇ ಕೈಬಿಟ್ಟು, ಬೆರಳು ಸೋಕಿದರೆ ನುಡಿಯುವ ತಗಡುಗಳನ್ನಿಟ್ಟು ಇಂಥದೇ ವಾದ್ಯ ಮಾಡಿದ್ದರು. ಯಾವ ಶ್ರುತಿಯಲ್ಲಿಯಾದರೂ ನಿಲ್ಲಬಲ್ಲ ವಾದ್ಯವನ್ನು ಹನ್ನೆರಡು ಮನೆಗಳಲ್ಲಿ ಏಕೆ ಕಟ್ಟಿಹಾಕಬೇಕೆಂಬುದು ಅವರ ವಾದ. ಗಮಕಗಳನ್ನು ಬಲ್ಲ ನಮ್ಮ ಕಿವಿಗೆ ಆ ವಾದದ ಸತ್ತ್ವ ಬೇಗ ಹೊಳೆಯುತ್ತದೆ. ಬಾಖ್‌ನ ಯಶಸ್ಸಿನೊಡನೆ ಕೀಲಿಮಣೆಯೇ ಗೆದ್ದಿತು. ಅಂಗಡಿಗೆ ಬಂದ ಸಿಂಥಸೈಸರುಗಳಲ್ಲಿ ಬಹುಪಾಲು ಅದನ್ನೇ ಹೊತ್ತು ಬಂದವು.

ಕಾರ್ಲೋಸರಿಗೂ ಆ ಕಟ್ಟು ಒಗ್ಗಲಿಲ್ಲ. 1986ರ 'ಬ್ಯೂಟಿ ಇನ್ ದಿ ಬೀಸ್ಟ್' ಮುದ್ರಿಕೆಯಲ್ಲಿ ಅವರು ಹನ್ನೆರಡು ಸಮಪಾಲುಗಳ ವ್ಯವಸ್ಥೆಯನ್ನು ತೊರೆದು, ತಾವೇ ಲೆಕ್ಕಹಾಕಿ ಕಂಡುಕೊಂಡ ಸ್ವರಶ್ರೇಣಿಗಳನ್ನು ಬಳಸಿದರು. ಸಾಮಾನ್ಯ ಸ್ವರಸ್ಥಾನದ ಅಂತರವನ್ನು ನೂರು ಭಾಗವೆಂದು ಎಣಿಸಿದರೆ, ಅವುಗಳಲ್ಲೊಂದರ ಮೆಟ್ಟಿಲು 78 ಭಾಗ ಮಾತ್ರ. ಬಾಖ್ ಮುದ್ರಿಕೆಯನ್ನು ಕೊಂಡ ಜನಸ್ತೋಮದಲ್ಲಿ ಸಣ್ಣದೊಂದು ಪಾಲೂ ಇದನ್ನು ಕೇಳಲಿಲ್ಲ.