ಸಿಹಿಗುಂಬಳಕಾಯಿಯ ಸುಟ್ಟ ಪಲ್ಯ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಮುಂಗಾರಿನ ಮೊದಲ ಮಳೆಗೆ ತಿಪ್ಪೆಯ ಮಗ್ಗುಲಲ್ಲಾಗಲಿ ಬೇಲಿಯ ಬುಡದಲ್ಲಾಗಲಿ ಊರಿದ ಸಿಹಿಗುಂಬಳದ ಬೀಜವು ಸುಮಾರು ನಾಲ್ಕು ತಿಂಗಳಲ್ಲಿ ಬಲಿತ ಕಾಯಿಗಳನ್ನು ಕೊಡುವುದೆಂಬುದು ರೈತರಿಗೆಲ್ಲ ತಿಳಿದ ಸಂಗತಿಯೇ. ಆದರೆ ಶರದೃತುವಿನಲ್ಲಿ ಎಲ್ಲರ ಕಾಯಿಯೂ ಏಕಕಾಲದಲ್ಲಿ ಸಂತೆಗೆ ಬಂದರೆ ಬೆಲೆ ಕುಸಿದು, ಸಾಗಿಸಿದ ಬಾಡಿಗೆಯೂ ಹುಟ್ಟದೆ, ಅವುಗಳನ್ನು ದನಗಳ ಮುಂದೆ ಕಡಿದು ಹಾಕಬೇಕಾಗುವುದುಂಟು. ಅದೇ ಮನೆಯ ಮಕ್ಕಳು ತರಕಾರಿಯಿಲ್ಲದೆ ಬರಿಯ ಸಾರಿನಲ್ಲಿ ಊಟ ಮುಗಿಸುವುದು ಶೋಚನೀಯವಾದದ್ದು.

ಈ ಕಾಯಿಯ ತಿರುಳಿನ ಕಿತ್ತಳೆಬಣ್ಣಕ್ಕೆ ಕಾರಣವಾದ ವಸ್ತುವು ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುತ್ತದೆ. ಈ ಜೀವಸತ್ವದ ಕೊರತೆಯಿಂದಲೇ ಮಕ್ಕಳಿಗೆ ಇರುಳುಗಣ್ಣು ಬರುವುದು. ಜಿಡ್ಡಿನೊಡನೆ ತಿಂದಾಗ ಅದು ಹೆಚ್ಚಾಗಿ ಮೈಗೂಡುವುದರಿಂದ, ಎಣ್ಣೆಯನ್ನಾಗಲಿ ತುಪ್ಪವನ್ನಾಗಲಿ ಸ್ವಲ್ಪವಾದರೂ ಸೇರಿಸತಕ್ಕದ್ದು. ಇರುಳುಗಣ್ಣು ಈಗಾಗಲೇ ಕಾಣಿಸಿಕೊಂಡ ಮಗುವನ್ನು ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಬೇಕು, ಪಲ್ಯವು ಔಷಧವಲ್ಲ.

ನಮ್ಮ ಹಳ್ಳಿಗಳಲ್ಲಿ ಇದನ್ನು ನೀರು ಹಾಕಿ ಬೇಯಿಸುವುದೇ ರೂಢಿ. ಕಾಯಿಯ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಇರುವಾಗ ಮತ್ತೆ ನೀರೆರೆದರೆ ಪಲ್ಯವು ಸಪ್ಪೆಯಾಗಿ ಮುದ್ದೆಗಟ್ಟದೆ ಏನಾದೀತು? ಸುಟ್ಟರೆ ನೀರು ಆರಿ, ಸಿಹಿಯು ಗಟ್ಟಿಯಾಗಿ, ಅಂಚು ಕೆಂಪಗೆ ಹುರಿದು ಒಳ್ಳೆಯ ಕಂಪು ಹುಟ್ಟುತ್ತದೆ. ಸಿಹಿಗುಂಬಳವು ಮೂಲತಃ ಅಮೆರಿಕಾ ಖಂಡದ್ದು. 1492ರ ನಂತರವೇ ಇತರ ದೇಶಗಳಿಗೆ ಹಬ್ಬಿತು. ಆ ದೇಶದವರು ಇಂದಿಗೂ ಶರತ್ಕಾಲದಲ್ಲಿ ಇದನ್ನು ಬೆಣ್ಣೆ, ಕಂದುಸಕ್ಕರೆಗಳೊಡನೆ ಸುಟ್ಟು ಉಣ್ಣುತ್ತಾರೆ. ಬೆಲ್ಲವೂ ಹುಚ್ಚೆಳ್ಳೂ ಇರುವ ನಮ್ಮ ಸೀಮೆಗೆ ಆ ಪದಾರ್ಥಗಳ ಹಂಗೇನೂ ಇಲ್ಲ.

ತೊಟ್ಟು ಒಣಗಿ, ಸಿಪ್ಪೆಗೆ ಉಗುರು ನಾಟದಷ್ಟು ಬಲಿತ ಕಾಯಿಯನ್ನೇ ಆರಿಸಬೇಕು. ಮೊದಲು ಹಸಿ ತಿರುಳಿನ ಚೂರೊಂದನ್ನು ನಾಲಗೆಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಉಗುಳಿ, ಇಡೀ ಕಾಯಿಯನ್ನು ಎಸೆದುಬಿಡಿ. ಆ ಕಹಿಯು ವಿಷವೇ ಆಗಿದ್ದು, ಬೇಯಿಸಿದರೂ ಬೆಲ್ಲ ಹಾಕಿದರೂ ಹೋಗತಕ್ಕದ್ದಲ್ಲ, ವಾಂತಿಭೇದಿಗೆ ಗುರಿಮಾಡುತ್ತದೆ.

ಒಂದು ಕಿಲೋಗ್ರಾಂ ಹೋಳನ್ನು ಬೀಜ ತೆಗೆದು, ಸಿಪ್ಪೆ ಕೆಳಗಾಗುವಂತೆ, ಉರಿಯಾರಿ ಬೂದಿ ಮುಚ್ಚಿದ ಕೆಂಡದ ಮೇಲಿಡತಕ್ಕದ್ದು. ಮುಕ್ಕಾಲು ಗಂಟೆಯೊಳಗೆ ತಿರುಳಿಗೆ ಕಡ್ಡಿ ಸಲೀಸಾಗಿ ಇಳಿಯುವುದು. ಇಡೀ ಕಾಯಿಯನ್ನು ಸುಡುವವರು ತೊಟ್ಟಿನ ಬಳಿ ತೂತು ಕೊರೆಯದೆ ಕೆಂಡಕ್ಕೆ ಹಾಕಬಾರದು. ಒಳಗಿನ ಆವಿಯಿಂದ ಸಿಡಿದು ಮೈಸುಟ್ಟೀತು. ಗ್ಯಾಸ್ ಒಲೆಯವರು ಹೆಬ್ಬೆರಳು ದಪ್ಪದ ಹೋಳುಗಳನ್ನು ಎಣ್ಣೆ ಸವರಿದ ಕಬ್ಬಿಣದ ಕಾವಲಿಯ ಮೇಲೆ, ಮುಚ್ಚದೆ, ಸಣ್ಣ ಉರಿಯಲ್ಲಿ ಎರಡು ಮಗ್ಗುಲೂ ಸುಟ್ಟರೆ ಸಾಕು.

ಬಳಿಕ ಸಿಪ್ಪೆ ಬಿಡಿಸಿ, ಎರಡು ಚಮಚ ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟು, ಹೋಳು, ಉಪ್ಪು, ಗೋಲಿಗಾತ್ರದ ಹುಣಿಸೆಯ ಗಟ್ಟಿರಸ ಸೇರಿಸಬೇಕು. ಸುಮಾರು 50 ಗ್ರಾಂ ಬೆಲ್ಲದ ಪುಡಿಯನ್ನು ಕೊನೆಗೆ ಹಾಕಬೇಕು. ಮೊದಲೇ ಹಾಕಿದರೆ ತಳಹಿಡಿದು ಕಹಿಯಾಗುತ್ತದೆ. ಇಳಿಸಿದ ಮೇಲೆ ಹುರಿದು ಕುಟ್ಟಿದ ಹುಚ್ಚೆಳ್ಳಿನ ಪುಡಿಯನ್ನು ಎರಡು ಚಮಚ ಉದುರಿಸಿದರೆ ರಾಗಿರೊಟ್ಟಿಗೆ ಇದಕ್ಕಿಂತ ಒಳ್ಳೆಯ ಜೊತೆಯಿಲ್ಲ. ಸಕ್ಕರೆ ಕಾಯಿಲೆಯವರ ಪಾಲನ್ನು ಬೆಲ್ಲ ಹಾಕುವ ಮೊದಲೇ ತೆಗೆದಿಡತಕ್ಕದ್ದು.

ಉಳಿದ ಕಾಯಿಗಳನ್ನು ಅಗ್ಗಕ್ಕೆ ಮಾರುವ ಅವಸರ ಬೇಡ. ಎರಡು ಮೂರು ಅಂಗುಲ ತೊಟ್ಟು ಬಿಟ್ಟು ಕೊಯ್ದು, ಗಾಯವಾಗದಂತೆ ಹತ್ತು ದಿನ ಗಾಳಿಯಾಡುವೆಡೆ ಒಣಗಿಸಿ, ಅಟ್ಟದಲ್ಲಿ ಹುಲ್ಲು ಹಾಸಿ ಒಂದಕ್ಕೊಂದು ತಾಕದಂತಿಟ್ಟರೆ ಎರಡು ಮೂರು ತಿಂಗಳು ಕೆಡುವುದಿಲ್ಲ. ಮೊದಮೊದಲು ಸಿಹಿಯೂ ಏರುವುದು. ಹಣ್ಣುನೊಣ ಚುಚ್ಚಿದ ಕಾಯಿ ಮಾತ್ರ ನಿಲ್ಲದು. ಬಂಡೀಪುರದ ಕಾಡಂಚಿನವರು ಬಲಿತ ಕಾಯಿಯನ್ನು ಹೊಲದಲ್ಲಿ ಬಿಟ್ಟರೆ ಆನೆಗಳನ್ನು ಕರೆದಂತೆಯೇ ಸರಿ.

ಮುಂದಿನ ಬಿತ್ತನೆಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ತಳಿಯು ಮನೆಬಳಕೆಗೆ ಅನುಕೂಲ. ಕಾಯಿ ಎರಡು ಮೂರು ಕಿಲೋ ಮಾತ್ರ ತೂಗುವುದರಿಂದ ಕೊಯ್ದ ಹೋಳು ಕೊಳೆಯುವ ಭಯ ಕಡಮೆ. ಗ್ರಾಮದಲ್ಲಿ ಕಾಯಿಗಳು ಮಿಕ್ಕಿದ್ದರೆ ಮುಖಂಡರು ಅವನ್ನು ಅಂಗನವಾಡಿಗೂ ಶಾಲೆಯ ಬಿಸಿಯೂಟದ ಅಡಿಗೆಮನೆಗೂ ಕಳುಹಿಸುವ ಏರ್ಪಾಡು ಮಾಡಬಹುದು.